ಐದನೆಯ ಕಾಡತೂಸು

ನನ್ನ ಭಾವ ಹಾರ್ಲನ್ ಸ್ಟ್ರೌಡ್ ಸರಿಯಾದ ಕಾಲಕ್ಕೆ ಮಾಡಿದ ಕೆಲಸ ಒಂದೇ, ಹುಟ್ಟಿದ್ದು. ಆಮೇಲಿನದೆಲ್ಲ ಸೀಸನ್ ಮುಗಿದು ಬೆಲೆ ಇಳಿದ ಮೇಲೆ. ಚಳಿಗಾಲದ ಕೋಟನ್ನು ಏಪ್ರಿಲಿನಲ್ಲಿ ಕೊಳ್ಳುತ್ತಾನೆ. ಕ್ರಿಸ್‌ಮಸ್ಸಿನ ಬಣ್ಣದ ಕಾಗದವನ್ನು ಜನವರಿಯಲ್ಲಿ ತಂದು ಶೆಡ್ಡಿನಲ್ಲಿ ಕಟ್ಟಿಡುತ್ತಾನೆ. ನನ್ನ ಅಕ್ಕ ಕೊರಿನ್‌ಳನ್ನು ಮದುವೆಯಾದದ್ದೂ ಆಗಸ್ಟಿನಲ್ಲಿ. ಆ ತಿಂಗಳು ನಮ್ಮ ಆಹೋ ಊರಿನಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತದೆ, ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಕೇಳುವವರೇ ಇರುವುದಿಲ್ಲ. ಮದುವೆಯ ಫೋಟೋದಲ್ಲಿ ಕೇಕು ಒಂದು ಕಡೆಗೆ ವಾಲಿದೆ, ಪಾದ್ರಿ ಕಣ್ಣು ಮುಚ್ಚಿಕೊಂಡಿದ್ದಾರೆ, ಅಕ್ಕ ಒಬ್ಬಳೇ ನಗುತ್ತಿದ್ದಾಳೆ. ಅವಳಿಗೆ ಆಗ ಇಪ್ಪತ್ತೆರಡು, ಮುಂದಿನದು ಗೊತ್ತಿರಲಿಲ್ಲ.

ಭಾವ ಮೂವತ್ತು ವರ್ಷ ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಆಗಿದ್ದ. ಕೆಲಸಗಾರನೇ, ಅದರಲ್ಲಿ ಎರಡು ಮಾತಿಲ್ಲ. ಅವನು ಮುಟ್ಟಿದ ಎಂಜಿನ್ನು ನಿಂತದ್ದಿಲ್ಲ. ಆದರೆ ಒಂದು ನಟ್ಟನ್ನೂ ಎಸೆಯದ ಮನುಷ್ಯ. ಎಲ್ಲವನ್ನೂ ಎಣಿಸುತ್ತಾನೆ, ಎಲ್ಲವನ್ನೂ ಇಟ್ಟುಕೊಳ್ಳುತ್ತಾನೆ, ಎಲ್ಲಿಟ್ಟೆ ಎಂಬುದನ್ನು ಮಾತ್ರ ಮರೆಯುತ್ತಾನೆ.

ಅರಿಜೋನಾದಲ್ಲಿರುವ ನಮಗೆ ಸಮುದ್ರ ಅಂದರೆ ಮೆಕ್ಸಿಕೋ ಗಡಿಯಾಚೆಯ ರಾಕಿ ಪಾಯಿಂಟ್. ಆಹೋದಿಂದ ಗಡಿಗೆ ನಲವತ್ತು ಮೈಲಿ, ಅಲ್ಲಿಂದ ನೀರಿಗೆ ಅರವತ್ತು. ಬುದ್ಧಿ ಇದ್ದವರು ಮಾರ್ಚಿನಲ್ಲಿ ಹೋಗುತ್ತಾರೆ. ಭಾವ ಹೋಗುವುದು ಸೆಪ್ಟೆಂಬರಿನ ಎರಡನೆಯ ವಾರ. ಆಗ ಗಾಳಿ ಬೇಯಿಸಿದ ಬಟ್ಟೆಯ ಹಾಗೆ ಮೈಗೆ ಸುತ್ತಿಕೊಳ್ಳುತ್ತದೆ, ಅರ್ಧ ಹೋಟೆಲುಗಳಿಗೆ ಬೀಗ, ನೀರಿನ ತುಂಬ ಲೋಳೆಮೀನು. ರೂಮು ಮಾತ್ರ ಅರ್ಧ ಬೆಲೆಗೆ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಸಲವೂ ವಾಪಸು ಬರುವಾಗ ಅಕ್ಕನಿಗೆ ಅದೇ ಮಾತು: "ಮುಂದಿನ ಸಲ ಮಾರ್ಚಲ್ಲೇ ಹೋಗೋಣ ಬಿಡೆ." ಮೊದಲ ವರ್ಷ ಅವಳ ಕಾಲಿಗೆ ಲೋಳೆಮೀನು ಕುಟುಕಿತ್ತು. ಅಂದಿನಿಂದ ಅವಳು ನೀರಿಗೆ ಇಳಿದಿಲ್ಲ. ಮರಳಿನ ಮೇಲೆ ಕುರ್ಚಿ ಹಾಕಿಕೊಂಡು, ಬಕೆಟ್ಟಿನಲ್ಲಿ ನಲ್ಲಿನೀರು ತುಂಬಿ, ಅದರಲ್ಲಿ ಕಾಲಿಟ್ಟುಕೊಂಡು ಸಮುದ್ರ ನೋಡುತ್ತಾಳೆ.

ನಾನು, ವೆಂಡೆಲ್, ಇವರ ಜೊತೆ ಯಾಕೆ ಹೋಗುತ್ತೇನೆ ಎಂದರೆ ಪೆಟ್ರೋಲನ್ನು ಮೂರು ಪಾಲು ಮಾಡಬಹುದು ಎಂದು. ಇದು ಭಾವನ ಲೆಕ್ಕ. ನನಗೂ ಒಲ್ಲೆ ಎನ್ನುವ ಅಭ್ಯಾಸವಿಲ್ಲ, ನನ್ನ ತಪ್ಪೇ.

ಈ ಸಲ ಹೊರಡುವ ಬೆಳಿಗ್ಗೆಯೇ ಜಗಳ. ಭಾವ ಆರು ಜೇಬಿನ ಅದೇ ಕಂದು ಪ್ಯಾಂಟು ಹಾಕಿಕೊಂಡು ಪಿಕಪ್ಪಿನಲ್ಲಿ ಕೂತಿದ್ದ.

"ಆ ಪ್ಯಾಂಟನ್ನ ಒಗೆಯೋಕೆ ಹಾಕು ಅಂತ ಹತ್ತು ದಿನದಿಂದ ಬಡ್ಕೊಳ್ತಿದೀನಿ," ಎಂದಳು ಅಕ್ಕ.

"ನೀರಿರೋ ಊರಿಗೆ ಹೋಗ್ತಿದೀವಿ. ಅಲ್ಲೇ ಒಗೆದುಕೊಂಡ್ರಾಯ್ತು."

"ಬೇರೆ ಪ್ಯಾಂಟ್ ತಂದಿದೀಯಾ?"

"ಮೂರು ದಿನಕ್ಕೆ ಎಷ್ಟು ಪ್ಯಾಂಟ್ ಬೇಕು ಮಾರಾಯ್ತಿ?"

ಗಡಿಯ ಹತ್ತಿರ ರಸ್ತೆಬದಿಯಲ್ಲಿ ದೊಡ್ಡದೊಂದು ಫಲಕವಿದೆ. ಬಂದೂಕು, ಮದ್ದುಗುಂಡು ಮೆಕ್ಸಿಕೋದಲ್ಲಿ ಅಪರಾಧ, ಜೈಲು ಎಂದು ಬರೆದಿದೆ. ಭಾವ ವರ್ಷವರ್ಷವೂ ಅದನ್ನು ದೂರದಿಂದಲೇ ಗಟ್ಟಿಯಾಗಿ ಓದುತ್ತಾನೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನು ತಪ್ಪಿಸಲು ಅವನು ಮಾಡಿಕೊಂಡ ಪರೀಕ್ಷೆ ಅದು. "ನೋಡಿದ್ಯಾ ವೆಂಡೆಲ್, ಒಂದಕ್ಷರ ತಪ್ಪಿಲ್ಲ," ಎಂದ. ಓದಿದ್ದೇನೋ ಸರಿಯಾಗಿಯೇ ಓದಿದ. ಅದು ತನಗೇ ಹೇಳಿದ ಮಾತು ಎಂದು ಆ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ಯಾಕೆಂದರೆ ಸೆಪ್ಟೆಂಬರ್ ಒಂದಕ್ಕೆ ನಮ್ಮ ಕಡೆ ಬೆಳವಕ್ಕಿಯ ಬೇಟೆ ಶುರುವಾಗುತ್ತದೆ. ಆ ದಿನ ಭಾವನೂ ಇದೇ ಪಿಕಪ್ಪಿನಲ್ಲಿ ಕೋವಿ ಇಟ್ಟುಕೊಂಡು ಹೋಗಿದ್ದ.

ನಾವು ಇಳಿಯುವುದು ದೋನ್ಯಾ ಎಲ್ವಿರಾಳ ಮನೆಯ ಹಿಂದಿನ ರೂಮುಗಳಲ್ಲಿ. ದೋನ್ಯಾ ಅಂದರೆ ಅವರ ಕಡೆ ಅಮ್ಮಾವ್ರು, ದೋನ್ ಅಂದರೆ ಯಜಮಾನ್ರು. ಅವಳು ಗಂಡ ಸತ್ತ ಮೇಲೆ ಒಬ್ಬಳೇ ನಾಲ್ಕು ರೂಮು ನಡೆಸುತ್ತಿರುವ ಗಟ್ಟಿ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು. ಗಿರಾಕಿಗಳಿಲ್ಲದ ತಿಂಗಳಲ್ಲವೇ, ಗಾರೆಯವನನ್ನು ಕರೆಸಿ ಅಂಗಳದಿಂದ ಮರಳಿಗೆ ಇಳಿಯುವ ಆರು ಮೆಟ್ಟಿಲುಗಳನ್ನು ಕಟ್ಟಿಸುತ್ತಿದ್ದಳು. ದಿನಕ್ಕೆರಡು ಮೆಟ್ಟಿಲು. ಭಾವ ಚೀಲ ಇಳಿಸುವ ಮೊದಲೇ ಅದನ್ನು ನೋಡಿಬಿಟ್ಟ.

"ದೋನ್ಯಾ ಎಲ್ವಿರಾ, ಈ ಧೂಳು, ಈ ಸದ್ದು! ಇದಕ್ಕೆ ಬಾಡಿಗೆ ಸ್ವಲ್ಪ ಇಳಿಸಬೇಕಲ್ಲ?"

"ದೋನ್ ಹಾರ್ಲನ್," ಎಂದಳು ಅವಳು, "ಇನ್ನೂ ಇಳಿಸಿದ್ರೆ ನಾನೇ ನಿಮಗೆ ಕೊಡಬೇಕಾಗತ್ತೆ." ಆದರೂ ಇಳಿಸಿದಳು. ನಾನು ನಾಚಿಕೆಯಿಂದ ಗಾರೆಯವನ ಬಕೆಟ್ಟು ನೋಡುತ್ತ ನಿಂತೆ.

ಆ ಮಧ್ಯಾಹ್ನ ಅಕ್ಕನ ಕೊಡೆಯ ಗೂಟ ಹುಡುಕಲು ಪಿಕಪ್ಪಿನ ಸೀಟಿನ ಕೆಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಕೆಂಪು ಪ್ಲಾಸ್ಟಿಕ್ಕಿನ ಹಿತ್ತಾಳೆ ತಳದ ಕಾಡತೂಸು. ಮತ್ತೆ ಕೈ ಹಾಕಿದೆ, ಇನ್ನೊಂದು. ಒಟ್ಟು ನಾಲ್ಕು. ಹಾರಿಸಿ ಮುಗಿದವಲ್ಲ, ತುಂಬಿದವು. ನನ್ನ ಬೆನ್ನು ತಣ್ಣಗಾಯಿತು. ಆ ಬಿಸಿಲಿನಲ್ಲಿ ತಣ್ಣಗಾದದ್ದು ಅದೊಂದೇ.

"ಭಾವ, ಇದೇನು?"

ಭಾವ ಬಗ್ಗಿ ನೋಡಿದ. "ಓ, ಇಲ್ಲಿದ್ವಾ! ಶೆಡ್ಡೆಲ್ಲ ಹುಡುಕ್ದೆ."

"ಭಾವ, ನಾವಿರೋದು ಮೆಕ್ಸಿಕೋದಲ್ಲಿ."

ಅವನ ಮುಖ ನಿಧಾನವಾಗಿ ಬದಲಾಯಿತು. ಆ ಫಲಕ ಆಗ ಅವನಿಗೆ ನಿಜವಾಗಿ ಓದಲು ಬಂತು. ವಾಪಸು ಹೋಗುವ ದಾರಿಯಲ್ಲಿ ಸೈನಿಕರ ತಪಾಸಣೆ ಇರುತ್ತದೆ, ಗಾಡಿ ನಿಲ್ಲಿಸಿ ಸೀಟು ಎತ್ತಿ ನೋಡುತ್ತಾರೆ. ಒಂದು ಕಾಡತೂಸು ಸಿಕ್ಕರೂ ಸಾಕು, ಎಪ್ಪತ್ತೊಂದು ವರ್ಷದ ಮನುಷ್ಯ ಜೈಲಿಗೆ ಹೋಗುತ್ತಾನೆ. ಆಮೇಲೆ ವಕೀಲರು, ಬಾಗಿಲು ಬಾಗಿಲು ಅಲೆಯುವುದು, ಅಕ್ಕ ವಾರವಾರ ಸರಳಿನಾಚೆ ಊಟ ಕೊಡುವುದು. ಮೂವರಿಗೂ ಇದೆಲ್ಲ ಒಂದೇ ಸಲ ಕಣ್ಣಿಗೆ ಕಟ್ಟಿತು.

"ಸಮುದ್ರಕ್ಕೆ ಎಸೆದುಬಿಡೋಣ," ಎಂದೆ.

"ಇಳಿತದಲ್ಲಿ ಮಕ್ಕಳು ಅಲ್ಲಿ ಕಪ್ಪೆಚಿಪ್ಪು ಹೆಕ್ಕೋಕೆ ಬರ್ತವೆ," ಎಂದಳು ಅಕ್ಕ. ಅವಳು ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವಳು, ಮಕ್ಕಳ ಮಾತು ಬಂದರೆ ಬಗ್ಗುವುದಿಲ್ಲ. "ಕಸದ ತೊಟ್ಟಿಗೂ ಬೇಡ. ಎಲ್ವಿರಾ ಮೇಲೆ ಬರತ್ತೆ."

"ಎಸೆಯೋದ್ಯಾಕೆ?" ಎಂದ ಭಾವ. "ಹೊಸಾವು ಕಣೆ. ಎಲ್ಲಾದ್ರೂ ಜೋಪಾನವಾಗಿಟ್ಟು, ಮುಂದಿನ ವರ್ಷ ಬಂದಾಗ..."

ಅಕ್ಕ ಅವನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

ಕೊನೆಗೆ ನಾನೇ ದೋನ್ಯಾ ಎಲ್ವಿರಾಳನ್ನು ಕರೆದು ಅಂಗೈ ಬಿಚ್ಚಿ ತೋರಿಸಿದೆ. ಅವಳು ಬೆಚ್ಚಲಿಲ್ಲ, ನಿಟ್ಟುಸಿರು ಬಿಟ್ಟಳು.

"ಸೆಪ್ಟೆಂಬರ್ ಬಂತು ಅಂದ್ರೆ ನಿಮ್ಮೋರು ಯಾರಾದ್ರೂ ಒಬ್ಬರು ತರ್ತೀರಿ. ನಿಮಗೆ ಆ ಹಕ್ಕಿ ತಿನ್ನದೇ ಇದ್ರೆ ಏನು ಕಡಿಮೆಯಾಗತ್ತೆ ತಮ್ಮಾ? ಒಂದು ಹಿಡಿ ಮಾಂಸ ಇಲ್ಲ ಅದ್ರಲ್ಲಿ."

ಗಾರೆಯವನು ಊಟಕ್ಕೆ ಹೋಗಿದ್ದ. ಆಗತಾನೇ ಕಾಂಕ್ರೀಟು ಸುರಿದ ಎರಡನೆಯ ಮೆಟ್ಟಿಲು ಇನ್ನೂ ಅಂಬಲಿಯ ಹಾಗಿತ್ತು. ಎಲ್ವಿರಾ ನಾಲ್ಕನ್ನೂ ಒಂದೊಂದಾಗಿ ಅದರೊಳಗೆ ಹೆಬ್ಬೆರಳಿನಿಂದ ಅದುಮಿದಳು. ಕರಣೆಯಿಂದ ಮೇಲ್ಮೈ ಸವರಿದಳು. ಕೈ ತೊಳೆದುಕೊಂಡು ಬೀನ್ಸ್ ಬೇಯುತ್ತಿದ್ದ ಒಲೆಯ ಕಡೆ ಹೊರಟುಹೋದಳು. ಬೆಳಿಗ್ಗೆ ಇವಳ ಹತ್ತಿರವೇ ಭಾವ ಧೂಳಿಗೂ ಸದ್ದಿಗೂ ಚೌಕಾಸಿ ಮಾಡಿದ್ದ.

ಮುಗಿಯಿತಲ್ಲ ಎಂದು ಕುರ್ಚಿಗೆ ಒರಗಿದ್ದೆ. ಭಾವ ನಿಂತಲ್ಲೇ ತುಟಿ ಅಲುಗಿಸುತ್ತಿದ್ದ.

"ಐದಿರಬೇಕು," ಎಂದ.

"ಏನು ಐದು?"

"ಆವತ್ತು ಇಪ್ಪತ್ತೈದರ ಡಬ್ಬಿ ಒಡೆದೆ. ಹಾರಿಸಿದ್ದು ಇಪ್ಪತ್ತು. ಖಾಲಿ ಇಪ್ಪತ್ತೂ ಶೆಡ್ಡಲ್ಲಿದೆ, ಎಣಿಸಿ ಇಟ್ಟಿದೀನಿ. ಐದು ಉಳೀಬೇಕು."

"ಇಪ್ಪತ್ತು ಹಾರಿಸಿ ಎಷ್ಟು ಹಕ್ಕಿ ತಂದೆ?" ಎಂದು ಕೇಳಿದೆ. ಬೇಕಾಗಿರಲಿಲ್ಲ, ಆದರೆ ಕೇಳದಿರಲು ಆಗಲಿಲ್ಲ.

"ಎರಡು."

"ಬೇಟೆ ಅಂಗಿ ಜೇಬಲ್ಲಿರಬಹುದು," ಎಂದೆ.

"ಅದನ್ನ ನಾನೇ ಒಗೆದೆ. ಏನೂ ಇರ್ಲಿಲ್ಲ," ಎಂದಳು ಅಕ್ಕ. "ನಿನ್ನ ಜೇಬು ನೋಡ್ಕೋ ಹಾರ್ಲನ್."

ಭಾವ ಸೊಂಟದ ಎರಡೂ ಕಡೆ ಪಟಪಟ ಬಡಿದು, "ಇಲ್ಲ. ಗಾಡೀಲೇ ಇರಬೇಕು," ಎಂದ.

ಹೀಗೆ ನಮ್ಮ ರಜೆ ಪಿಕಪ್ಪಿನೊಳಗೆ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ ಆರರಿಂದ ಸೀಟು ಬಿಚ್ಚಿದೆವು. ಸಮುದ್ರ ಮೂವತ್ತು ಹೆಜ್ಜೆ ದೂರದಲ್ಲಿತ್ತು, ನಾವು ಅದಕ್ಕೆ ಬೆನ್ನು ಹಾಕಿ ಗಾಡಿಯೊಳಗೆ ತಲೆ ತೂರಿಸಿಕೊಂಡಿದ್ದೆವು. ಅಂಗಳದಲ್ಲಿ ಟಾರ್ಪಾಲು ಹಾಸಿ ಒಳಗಿನದನ್ನೆಲ್ಲ ಅದರ ಮೇಲೆ ಸುರಿದೆವು. ಬಾಗಿಲಿನ ಒಳಪಟ್ಟಿ ತೆಗೆದೆವು. ನೆಲದ ರಬ್ಬರು ಎತ್ತಿದೆವು. ಹೋಟೆಲುಗಳಿಂದ ತಂದ ಸಾಸಿನ ಪೊಟ್ಟಣ, ಗಟ್ಟಿಯಾಗಿ ಕಲ್ಲಾದದ್ದು, ಒಂದು ಚೀಲ. ಮಾರಾಟವಾಗಿ ಹೋದ ಬಸ್ಸುಗಳ ಬೀಗದ ಕೈ ಹನ್ನೊಂದು. ಮುಚ್ಚಿಹೋದ ಅಂಗಡಿಗಳ ರಿಯಾಯಿತಿ ಚೀಟಿಗಳು. ಅಕ್ಕನ ಮಗಳು ಎರಡನೆಯ ತರಗತಿಯಲ್ಲಿ ಕಳೆದುಕೊಂಡೆ ಎಂದು ಅತ್ತಿದ್ದ ಕಂಪಾಸು ಡಬ್ಬಿ. ಆ ಮಗಳಿಗೆ ಈಗ ಮೂವತ್ತೇಳು. ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲಿನಲ್ಲಿ ಒಂದೊಂದೂ ಹೊರಬಂದ ಹಾಗೆ ಭಾವ, "ಅರೆ, ಇದಿಲ್ಲಿತ್ತಾ!" ಎಂದು ಖುಷಿಪಡುತ್ತಿದ್ದ. ನನಗೆ ಸ್ಪ್ಯಾನರ್ ತೆಗೆದು ಬಡಿಯುವಷ್ಟು ಸಿಟ್ಟು ಬರುತ್ತಿತ್ತು.

ಸೀಟಿನ ಬೆನ್ನಿನ ಹಿಂದೆ ಒಂದು ಅಂಗಡಿ ಚೀಲ ಸಿಕ್ಕಿತು. ಅಕ್ಕ ಅದನ್ನು ತೆಗೆದಳು. ಒಳಗೆ ನೀಲಿ ಬಣ್ಣದ ಈಜುಡುಗೆ, ಬೆಲೆಚೀಟಿ ಇನ್ನೂ ತೂಗುತ್ತಿತ್ತು.

"ಇದು ನಂದು," ಎಂದಳು. "ಇಪ್ಪತ್ತೇಳು ವರ್ಷದ ಹಿಂದೆ ಮಾರ್ಚಿಗೆ ಹೋಗೋಣ ಅಂದಾಗ ತಂದಿದ್ದು. ಕಳೆದೇ ಹೋಯ್ತು ಅಂತ ಮನೆಯೆಲ್ಲ ಹುಡುಕಿದ್ದೆ."

ಭಾವ ಸ್ಕ್ರೂಡ್ರೈವರನ್ನು ಒರೆಸಿದ. ಮತ್ತೊಮ್ಮೆ ಒರೆಸಿದ.

"ಮಾರ್ಚಿಗೆ ಹೋಗ್ಲಿಲ್ವಲ್ಲ... ಹಾಕ್ಕೊಳ್ಳದೇ ಇದ್ದದ್ದು. ಅಂಗಡಿಗೆ ವಾಪಸ್ ಕೊಡೋಣ ಅಂತ ಎತ್ಕೊಂಡು ಹೋಗಿದ್ದೆ. ರಸೀದಿ ಸಿಗ್ಲಿಲ್ಲ."

"ಮತ್ತೆ ಮನೆಗೆ ತರಬಹುದಿತ್ತಲ್ಲ?"

"ರಸೀದಿ ಸಿಕ್ಕಿದ್ರೆ ಅಂತ..."

ಅಕ್ಕ ಚೀಲವನ್ನು ಮಡಚಿ ತನ್ನ ಕೈಚೀಲದೊಳಗೆ ಇಟ್ಟುಕೊಂಡು ರೂಮಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೂ ನಾವಿಬ್ಬರೇ ಹುಡುಕಿದೆವು. ಐದನೆಯದು ಸಿಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೊರಡಬೇಕಿತ್ತು. ಭಾವ ಎಲ್ಲೋ ಹೋಗಿದ್ದವನು ಬಂದು ನನ್ನ ಕೈಗೆ ಎರಡು ಟಿಕೆಟ್ಟು ಕೊಟ್ಟ. ಗಡಿಗೆ ಹೋಗುವ ವ್ಯಾನಿನ ಟಿಕೆಟ್ಟು, ಪೂರ್ತಿ ಬೆಲೆಯದು.

"ನೀನೂ ನಿಮ್ಮಕ್ಕನೂ ವ್ಯಾನಲ್ಲಿ ಹೋಗಿ. ಗಾಡೀಲಿ ನಾನೊಬ್ಬನೇ ಬರ್ತೀನಿ. ಸಿಕ್ಕಿದ್ರೆ ನಂದೊಂದೇ ತಲೆ ಹೋಗ್ಲಿ." ಮನೆಯ ಬೀಗದ ಕೈಗೊಂಚಲನ್ನೂ ಕೊಟ್ಟ. "ನೀರಿನ ಪಂಪಿನ ವಾಲ್ವು ಎಡಕ್ಕೆ ತಿರುಗಿಸಬೇಕು. ಬಲಕ್ಕೆ ತಿರುಗಿಸಿದ್ರೆ ಮುರಿಯತ್ತೆ. ನಿಮ್ಮಕ್ಕಂಗೆ ಹೇಳು."

"ಗಾಡೀನ ಇಲ್ಲೇ ಬಿಟ್ಟು ಬಾರೋ ಮಾರಾಯ," ಎಂದೆ. ಭಾವನನ್ನು ನಾನು 'ಬಾರೋ' ಎಂದದ್ದು ಅದೇ ಮೊದಲು.

"ಎಲ್ವಿರಾ ಅಂಗಳದಲ್ಲಾ? ನಾಳೆ ಅವಳ ತಲೆಗೆ ಕಟ್ಟೋದಾ? ಆಗಲ್ಲ."

ನಾಲ್ಕು ದಶಕ ಅವನ ಜಿಪುಣತನಕ್ಕೆ ಬೈದವನು ನಾನು, ಪೂರ್ತಿ ಬೆಲೆಯ ಆ ಟಿಕೆಟ್ಟುಗಳನ್ನು ಜೇಬಿಗೆ ಹಾಕಿಕೊಂಡೆ. ಅದಕ್ಕೂ ಸಿಟ್ಟು ಬಂತು. ಅಕ್ಕ ಅವನ ಕಡೆ ತಿರುಗಿಯೂ ನೋಡದೆ ವ್ಯಾನು ಹತ್ತಿದಳು. ಈಜುಡುಗೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಊರು ಬಿಟ್ಟು ಇಪ್ಪತ್ತು ನಿಮಿಷಕ್ಕೆ ತಪಾಸಣೆಯ ಜಾಗ ಬಂತು. ನಮ್ಮ ಮುಂದೆ ಹೋಗಿದ್ದ ಪಿಕಪ್ಪನ್ನು ಬದಿಗೆ ನಿಲ್ಲಿಸಿದ್ದರು. ಸೀಟು ಮಣ್ಣಿನ ಮೇಲಿತ್ತು. ಇಬ್ಬರು ಸೈನಿಕರು ಒಳಗೆ ಬಗ್ಗಿದ್ದರು. ಭಾವ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಿದ್ದ, ಹೆಡ್‌ಮೇಷ್ಟರ ಮುಂದೆ ನಿಂತವನ ಹಾಗೆ. ನಮ್ಮ ವ್ಯಾನಿಗೆ ಹೋಗಿ ಎಂದು ಕೈ ಬೀಸಿದರು.

"ನಿಲ್ಸಿ," ಎಂದಳು ಅಕ್ಕ.

"ಅಕ್ಕಾ, ಅವನೇ ಹೇಳಿದಾನೆ..."

"ಅವನು ಹೇಳಿದ್ದೆಲ್ಲ ಕೇಳಿ ಕೇಳಿ ನಲವತ್ತೊಂದು ವರ್ಷ ಆಯ್ತು. ನಿಲ್ಸಿ ಅಂದೆ!"

ಅವಳು ಇಳಿದು ರಸ್ತೆ ದಾಟಿ ಹೋಗಿ ಭಾವನ ಪಕ್ಕದಲ್ಲಿ ನಿಂತಳು. ನಾನೂ ಇಳಿದೆ. ಚೀಲಗಳೆಲ್ಲ ನನ್ನ ಕೈಯಲ್ಲಿದ್ದವು, ಬೇರೆ ದಾರಿ ಇರಲಿಲ್ಲ.

"ನೀನ್ಯಾಕೆ ಇಳಿದೆ? ಟಿಕೆಟ್ ದುಡ್ಡು ವಾಪಸ್ ಕೊಡಲ್ಲ," ಎಂದ ಭಾವ.

"ಬಾಯಿ ಮುಚ್ಕೊಂಡು ನಿಂತ್ಕೋ," ಎಂದು ಅಕ್ಕ ಅವನ ಕೈ ಹಿಡಿದಳು.

ಸೈನಿಕರು ಅರ್ಧ ಗಂಟೆ ಹುಡುಕಿದರು. ನಾವು ಇಡೀ ದಿನ ಬಿಚ್ಚಿ ಹುಡುಕಿದ್ದ ಗಾಡಿಯಲ್ಲಿ ಏನಿದ್ದೀತು? ಒಬ್ಬ ಸಾಸಿನ ಪೊಟ್ಟಣಗಳ ಚೀಲ ಎತ್ತಿ ಮೂಸಿ ಮುಖ ಸಿಂಡರಿಸಿದ. ಹೌದು, ಭಾವ ಅದನ್ನೆಲ್ಲ ಮತ್ತೆ ತುಂಬಿಕೊಂಡಿದ್ದ. ಕೊನೆಗೆ ಹೋಗಿ ಎಂದರು. ಸೀಟನ್ನು ಹಾಕಿಕೊಡಲು ಕೈ ಕೂಡ ಜೋಡಿಸಿದರು.

ಭಾವ ಟೋಪಿ ಹಾಕಿಕೊಂಡು ಗಾಡಿ ಹತ್ತಿದ. ಆಮೇಲೆ ಗಡಿಯ ಕಡೆ ಗಾಡಿ ತಿರುಗಿಸಹೋದ.

"ಆ ಕಡೆ ಅಲ್ಲ," ಎಂದಳು ಅಕ್ಕ. "ಸಮುದ್ರಕ್ಕೆ."

"ರೂಮು ಬಿಟ್ಟಾಯ್ತಲ್ಲೇ. ಇನ್ನೊಂದು ದಿನ ಅಂದ್ರೆ..."

"ಹಾರ್ಲನ್."

ಅವನು ಸಮುದ್ರದ ಕಡೆ ತಿರುಗಿಸಿದ.

ನಾವು ತಲುಪಿದಾಗ ಇಳಿತ. ನೀರು ಅರ್ಧ ಮೈಲಿ ಹಿಂದಕ್ಕೆ ಹೋಗಿತ್ತು, ನಮ್ಮ ಅದೃಷ್ಟವೇ ಹಾಗೆ. ಎಲ್ವಿರಾ ಮತ್ತೆ ತೆರೆದುಕೊಟ್ಟ ರೂಮಿನಲ್ಲಿ ಅಕ್ಕ ನೀಲಿ ಈಜುಡುಗೆ ಹಾಕಿಕೊಂಡು ಬಂದಳು. ಇಪ್ಪತ್ತೇಳು ವರ್ಷದ ಹಿಂದಿನ ಅಳತೆ, ಬೆನ್ನಿನ ಕಡೆ ಕೂಡಲಿಲ್ಲ, ಮೇಲೊಂದು ಟವೆಲು ಹೊದ್ದಿದ್ದಳು. ಬೆಲೆಚೀಟಿಯನ್ನು ಕಿತ್ತು ಭಾವನ ಅಂಗಿಯ ಜೇಬಿಗೆ ತುರುಕಿದಳು. ಒದ್ದೆ ಮರಳಿನ ಮೇಲೆ ಮೂವರೂ ನಡೆದೆವು. ನೀರಿನಂಚಿಗೆ ಬಂದಾಗ ಟವೆಲನ್ನು ನನ್ನ ಕಡೆ ಎಸೆದಳು.

"ಲೋಳೆಮೀನು ಕುಟುಕತ್ತೆ ಕಣೆ," ಎಂದ ಭಾವ.

"ಕುಟುಕ್ಲಿ."

ಅವಳು ಮೊಣಕಾಲಿನವರೆಗೆ ಹೋದಳು, ಸೊಂಟದವರೆಗೆ ಹೋದಳು, ಆಮೇಲೆ ಹಿಂದಕ್ಕೆ ಒರಗಿ ತೇಲಿದಳು. ಭಾವ ದಡದಲ್ಲಿ ಆ ಕಡೆ ಈ ಕಡೆ ಎರಡು ಸಲ ಓಡಾಡಿದ. ಕೊನೆಗೆ ಪ್ಯಾಂಟು ಬಿಚ್ಚಿ, ಪಟ್ಟೆಪಟ್ಟೆಯ ಚಡ್ಡಿಯಲ್ಲಿ ನಿಂತು, ಪ್ಯಾಂಟನ್ನು ನನ್ನ ತೋಳಿಗೆ ಹಾಕಿದ. "ಹಿಡ್ಕೋ ವೆಂಡೆಲ್, ಮರಳು ಹತ್ತಬಾರ್ದು," ಎಂದವನೇ ನೀರಿಗೆ ನುಗ್ಗಿದ.

ಪ್ಯಾಂಟು ಭಾರವಾಗಿತ್ತು. ಮೊಣಕಾಲಿನ ಹತ್ತಿರದ ಜೇಬಿನಲ್ಲಿ ಅಳತೆಪಟ್ಟಿ, ರಿಯಾಯಿತಿ ಚೀಟಿಗಳ ಕಟ್ಟು, ಅದರ ಜೊತೆಗೆ ಗಟ್ಟಿಯಾದದ್ದು ಏನೋ ಒಂದು. ಗುಂಡಿ ಬಿಚ್ಚಿ ಕೈ ಹಾಕಿದೆ. ಕೆಂಪು ಪ್ಲಾಸ್ಟಿಕ್ಕು, ಹಿತ್ತಾಳೆ ತಳ.

ಅರ್ಧ ಗಂಟೆ ಆ ಸೈನಿಕರ ಎದುರು ಅವನು ಗೊತ್ತಿಲ್ಲದೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದ. ಅಕ್ಕ ಅವನ ಕೈ ಹಿಡಿದಿದ್ದಳು. ಒಬ್ಬ ಸೈನಿಕನಾದರೂ ಜೇಬು ಮುಟ್ಟಿ ನೋಡಿದ್ದರೆ? ನಾನು ಒದ್ದೆ ಮರಳಿನ ಮೇಲೆ ಕುಕ್ಕರಿಸಿದೆ. ಬಾಯಿ ತುಂಬ ಬೈಗುಳ ಬಂತು. ಇಪ್ಪತ್ತು ಖಾಲಿ ಎಣಿಸಿ ಇಡುವವನಿಗೆ ಆರು ಜೇಬಿವೆ ಎಂದು ಎಣಿಸಲು ಏನಾಗಿತ್ತು?

ಕೂಗಬೇಕೆಂದು ತಲೆ ಎತ್ತಿದೆ. ನೀರಿನಲ್ಲಿ ಭಾವ ಅಕ್ಕನ ಬೆನ್ನಿನ ಕೆಳಗೆ ಕೈಯಿಟ್ಟು ಅವಳನ್ನು ತೇಲಿಸುತ್ತಿದ್ದ. ಲೋಳೆಮೀನು ಬರುತ್ತಿದೆಯೇ ಎಂದು ಸುತ್ತ ನೋಡುತ್ತಿದ್ದ. ಅಕ್ಕ ಮದುವೆಯ ಫೋಟೋದಲ್ಲಿ ನಕ್ಕ ಹಾಗೆ ನಗುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಪ್ಯಾಂಟನ್ನು ಟವೆಲಿನಲ್ಲಿ ಸುತ್ತಿ, ಅರ್ಧ ಮೈಲಿ ವಾಪಸು ನಡೆದೆ.

ದೋನ್ಯಾ ಎಲ್ವಿರಾ ಅಂಗಳ ಗುಡಿಸುತ್ತಿದ್ದಳು. ನಾನು ಅಂಗೈ ಬಿಚ್ಚುವ ಮೊದಲೇ, "ಐದನೇದಾ?" ಎಂದಳು. "ಆರನೇ ಮೆಟ್ಲು ಇನ್ನೂ ಹಸಿಯಾಗೇ ಇದೆ. ಬೇಗ." ಈ ಸಲ ನನ್ನ ಹೆಬ್ಬೆರಳಿನಿಂದಲೇ ಅದುಮಿದೆ. ಅವಳು ಕರಣೆಯಿಂದ ಸವರಿದಳು.

ಭಾವನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಅಕ್ಕನಿಗೂ ತಿಳಿಯುತ್ತದೆ. ಅವಳು ಮತ್ತೆ ಆ ತಪಾಸಣೆಯ ಜಾಗದಲ್ಲಿ ಅವನ ಕೈ ಹಿಡಿದು ನಿಲ್ಲುವುದಿಲ್ಲ, ಕತ್ತು ಹಿಡಿಯುತ್ತಾಳೆ. ಈಗಲೂ ಹೋಗುವುದು ಸೆಪ್ಟೆಂಬರಿನಲ್ಲೇ. ಮಾರ್ಚಿನ ಬೆಲೆ ಕೇಳಿ ಭಾವನಿಗೆ ಎದೆ ಹಿಡಿದುಕೊಂಡಿತಂತೆ. ಅಕ್ಕ ಹೊಸ ಈಜುಡುಗೆ ಕೊಂಡಿದ್ದಾಳೆ, ದಿನಕ್ಕೆರಡು ಸಲ ನೀರಿಗಿಳಿಯುತ್ತಾಳೆ, ಕಾಲಿಗೆ ಕುಟುಕಿಸಿಕೊಂಡು ಬಂದು ವಿನೆಗರ್ ಹಚ್ಚಿಕೊಳ್ಳುತ್ತಾಳೆ. ಭಾವ ಅವಳ ಟವೆಲು ಕಾಯುತ್ತ ಕೊನೆಯ ಮೆಟ್ಟಿಲಿನ ಮೇಲೆ ಕೂರುತ್ತಾನೆ. ಅಲ್ಲಿ ನೆರಳಿದೆ. ಕೂತು ಬೆರಳು ಮಡಚಿ ಮತ್ತೆ ಲೆಕ್ಕ ಹಾಕುತ್ತಾನೆ.

"ಇಪ್ಪತ್ತೈದು, ಇಪ್ಪತ್ತು, ನಾಲ್ಕು," ಎನ್ನುತ್ತಾನೆ. "ಆ ಇನ್ನೊಂದು ಎಲ್ಲಿ ಹೋಯ್ತು ಅಂತೀಯ ವೆಂಡೆಲ್?"

"ನಂಗೇನ್ ಗೊತ್ತು ಭಾವ," ಎನ್ನುತ್ತೇನೆ. "ಸ್ವಲ್ಪ ಸರಿದು ಕೂತ್ಕೋ, ನಂಗೂ ಜಾಗ ಬಿಡು."